ಡೂಪ್ಲಿಕೇಟ್ ಅಂತ ಮುಚ್ಚೋಕೆ ಮುಂಚೆ

11 ಫೆಬ್ರವರಿ 2025, ಮಂಗಳವಾರ

ಸಂಜೆಯೆಲ್ಲಾ ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ತಾಣವಾದ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಡೂಪ್ಲಿಕೇಟ್ ಪ್ರಶ್ನೆಗಳನ್ನು, ಅಂದರೆ ಹಿಂದೆಯೇ ಕೇಳಿದ್ದನ್ನು ಮತ್ತೆ ಕೇಳಿದವನ್ನು, ನೋಡುತ್ತಾ ಕೂತಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರ್ತಿದೆ, ನನ್ನ ಕಂಪ್ಯೂಟರ್ ಕೆಟ್ಟಿದೆಯಾ ಅಂತ ಒಬ್ಬರು ಕೇಳಿದ್ದರು. ಇದಕ್ಕೆ 2009ರ ಪ್ರಶ್ನೆಯೊಂದರಲ್ಲೇ ಒಳ್ಳೆಯ ಉತ್ತರಗಳಿವೆ. ಆದ್ದರಿಂದ ಅದರ ಲಿಂಕ್ ಕೊಟ್ಟು ಮುಚ್ಚಿದ್ದು ಸರಿಯೇ. ಆದರೆ ಕೆಳಗೆ ಯಾರೋ "ಮೊದಲು ಹುಡುಕಿ, ಆಮೇಲೆ ಕೇಳಿ" ಅಂತ ಗದರಿದ್ದು ನೋಡಿ ಬೇಜಾರಾಯಿತು. ಏನಂತ ಹುಡುಕಬೇಕು? ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಸುಮಾರಾಗಿ ಇಟ್ಟುಕೊಳ್ಳುವ ರೀತಿ) ಅನ್ನೋ ಮಾತೇ ಗೊತ್ತಿಲ್ಲದವರಿಗೆ ಆ ಹಳೆಯ ಪುಟ ಸಿಗೋದು ಹೇಗೆ?

ಮುಚ್ಚುವುದು ಅಂದರೆ ಅಳಿಸುವುದಲ್ಲ. ಹೊಸ ಉತ್ತರ ಹಾಕೋಕೆ ಆಗಲ್ಲ, ಅಷ್ಟೇ. ಪ್ರಶ್ನೆ ಅಲ್ಲೇ ಇರುತ್ತದೆ, ಹಳೆಯ ಉತ್ತರಕ್ಕೆ ದಾರಿ ತೋರುವ ಕೈಮರದ ಹಾಗೆ. ನಾಳೆ ಇನ್ನೊಬ್ಬರು "ಕೂಡಿಸಿದರೆ ಕೊನೆಗೆ 4 ಬರ್ತಿದೆ" ಅಂತ ತಮ್ಮದೇ ಮಾತಲ್ಲಿ ಹುಡುಕಿದರೆ ಇಲ್ಲಿಗೆ ಬಂದು, ಇಲ್ಲಿಂದ ಅಲ್ಲಿಗೆ ಹೋಗುತ್ತಾರೆ. ಕೋರಾ ಅನ್ನೋ ಇನ್ನೊಂದು ಪ್ರಶ್ನೋತ್ತರ ತಾಣದಲ್ಲಿ ಇಂಥ ಪ್ರಶ್ನೆಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತಾರೆ. ನನಗೆ ಕೇಳಿದವರ ಮಾತು ಹಾಗೇ ಉಳಿಯುವ ಈ ಕ್ರಮವೇ ಹೆಚ್ಚು ಇಷ್ಟ.

ಇನ್ನೊಂದು ಪ್ರಶ್ನೆ ಮಾತ್ರ ತಲೆ ಕೆಡಿಸಿತು. ಪೈಥಾನ್‌ನಲ್ಲಿ ಇನ್‌ಪುಟ್ ಅನ್ನೋ, ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಆದೇಶದಿಂದ 5 ಮತ್ತು 3 ತಗೊಂಡು ಕೂಡಿಸಿದರೆ 8ರ ಬದಲು 53 ಬರ್ತಿದೆ ಅಂತ. ಅದಕ್ಕೆ ಅಂಟಿಸಿದ್ದ ಹಳೆಯ ಉತ್ತರ ಪೈಥಾನ್ ಭಾಷೆಯ ಹಳೆಯ ಆವೃತ್ತಿಯಾದ ಪೈಥಾನ್ 2ರ ಕಾಲದ್ದು: "ರಾ ಇನ್‌ಪುಟ್ ಬಿಟ್ಟು ಇನ್‌ಪುಟ್ ಬಳಸಿ." ಆಗ ರಾ ಇನ್‌ಪುಟ್ ಅಕ್ಷರಗಳನ್ನು ಕೊಡುತ್ತಿತ್ತು, ಇನ್‌ಪುಟ್ ಸಂಖ್ಯೆಯನ್ನೇ ಕೊಡುತ್ತಿತ್ತು. ಪಾಪ, ಪ್ರಶ್ನೆ ಕೇಳಿದವರು ಬಳಸಿದ್ದೇ ಇನ್‌ಪುಟ್ ಅನ್ನು! ಪೈಥಾನ್ 2ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 1ಕ್ಕೆ. ಪೈಥಾನ್ 3ರಲ್ಲಿ ಇನ್‌ಪುಟ್ ಯಾವಾಗಲೂ ಅಕ್ಷರಗಳ ಸಾಲನ್ನೇ ಕೊಡುತ್ತದೆ (ಅದಕ್ಕೇ 5 ಮತ್ತು 3 ಅಕ್ಕಪಕ್ಕ ಅಂಟಿ 53 ಆಯಿತು), ಅದನ್ನು ನಾವೇ ಸಂಖ್ಯೆ ಮಾಡಿಕೊಳ್ಳಬೇಕು. ಪ್ರಶ್ನೆ ನೋಡೋಕೆ ಒಂದೇ ಥರ ಇದ್ದರೆ ಸಾಲದು, ಆ ಉತ್ತರದಿಂದ ಕೇಳಿದವರ ಕೆಲಸ ಆಗಬೇಕು ಅಲ್ವಾ?

ಸಾಮಾನ್ಯವಾಗಿ ಮುಚ್ಚೋಕೆ ಮೂರು ವೋಟ್ ಬೇಕು, ಹಾಕುವವರಿಗೆ ತಾಣದಲ್ಲಿ ಗಳಿಸಿದ 3000 ಪಾಯಿಂಟ್ ಇರಬೇಕು. ಆದರೆ ಪ್ರಶ್ನೆಯ ಟ್ಯಾಗ್‌ನಲ್ಲಿ (ವಿಷಯದ ಗುರುತು) ಗೋಲ್ಡ್ ಬ್ಯಾಡ್ಜ್, ಅಂದರೆ ಆ ವಿಷಯದಲ್ಲಿ ಹೆಚ್ಚು ಒಳ್ಳೆಯ ಉತ್ತರ ಕೊಟ್ಟವರಿಗೆ ಸಿಗುವ ಪದಕ, ಇದ್ದವರ ಒಂದೇ ವೋಟಿಗೆ ಡೂಪ್ಲಿಕೇಟ್ ಅಂತ ಮುಚ್ಚಿಹೋಗುತ್ತದೆ. ಇದನ್ನು ಡೂಪ್‌ಹ್ಯಾಮರ್ (ಡೂಪ್ಲಿಕೇಟ್ ಸುತ್ತಿಗೆ) ಅಂತಲೇ ಕರೆಯುತ್ತಾರೆ. ಈ ಅಧಿಕಾರ ಬೇಕು. ಇಲ್ಲದಿದ್ದರೆ ಒಂದೇ ಪ್ರಶ್ನೆಗೆ ಹತ್ತು ಕಡೆ ಅರ್ಧಂಬರ್ಧ ಉತ್ತರ ಹರಡಿ, ಯಾವುದು ಸರಿ ಅಂತ ಯಾರಿಗೂ ತಿಳಿಯಲ್ಲ. ಆದರೆ ಲಿಂಕ್ ಕೊಡುವವರು ಹಳೆಯ ಉತ್ತರವನ್ನು ಪೂರ್ತಿ ಓದಿರಲೇಬೇಕು, ಶೀರ್ಷಿಕೆ ನೋಡಿ ಸುತ್ತಿಗೆ ಎತ್ತಬಾರದು.

ಆ ಪೈಥಾನ್ ಪ್ರಶ್ನೆಯನ್ನು ಮತ್ತೆ ತೆರೆಯಿರಿ ಅಂತ ವೋಟ್ ಹಾಕಿದೆ. ಪೈಥಾನ್ 3ಕ್ಕೆ ಸರಿಯಾದ ಉತ್ತರ ಇರುವ ಪುಟದ ಲಿಂಕನ್ನೂ ಕಾಮೆಂಟಿನಲ್ಲಿ ಕೊಟ್ಟಿದ್ದೇನೆ.