‘ಅಂತೆ’ಗೆ ಇಂಗ್ಲಿಷ್ ಹುಡುಕಿದ ತರಗತಿ

ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ವಾರದಲ್ಲಿ ಎರಡು ಮಧ್ಯಾಹ್ನ ಪ್ರವಾಸೋದ್ಯಮ ವಿಭಾಗದವರನ್ನೂ ನಮ್ಮನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಉನ್ನತ ಮಟ್ಟದ ಇಂಗ್ಲಿಷ್ ಕಲಿಸುತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಸೀಮಾಂತ ತುಷ್ಟಿಗುಣ, ಅವಕಾಶ ವೆಚ್ಚ, ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದರೆ ನಿದ್ದೆಯಲ್ಲೂ ವಿವರಿಸಬಲ್ಲೆವು, ಆದರೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ ಎಂದರೆ ಕೈ ನಿಂತುಬಿಡುತ್ತಿತ್ತು. ಉನ್ನತ ಇಂಗ್ಲಿಷ್ ಎಂದರೆ ದೊಡ್ಡ ದೊಡ್ಡ ಪದಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸುತ್ತಾರೆ ಎಂಬ ಅಂಜಿಕೆಯಿಂದಲೇ ನಾನು ಮೊದಲ ದಿನ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತಿದ್ದೆ.

ನಮ್ಮ ಮೇಡಂ ಅಂಥ ಪಟ್ಟಿಯನ್ನು ಕೊಡಲೇ ಇಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮಾರುಕಟ್ಟೆಯ ಬಗ್ಗೆ ಹತ್ತು ಸಾಲು ಬರೆದು ತನ್ನಿ ಎಂದರು. ಚಳ್ಳಕೆರೆ ಕಡೆಯ ನಮ್ಮ ಹೊಲದಲ್ಲಿ ಆ ವರ್ಷ ಈರುಳ್ಳಿ ಹಾಕಿದ್ದೆವು. ಹಿಂದಿನ ರಾತ್ರಿಯಷ್ಟೇ ಅಪ್ಪ ಫೋನಿನಲ್ಲಿ, ‘ಯಶವಂತಪುರದಾಗೆ ರೇಟು ಬಿತ್ತಂತೆ ಕಣೋ’ ಎಂದಿದ್ದರು. ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ಈರುಳ್ಳಿಯ ‘ರೇಟ್’ ಬಿದ್ದಿದೆ, ಇನ್ನೂ ಬೀಳುತ್ತದೆ ಎಂದು ಬರೆದೆ. ಹಾಳೆ ಮರಳಿ ಬಂದಾಗ ಅಂಚಿನಲ್ಲಿ ಹಸಿರು ಶಾಯಿಯಲ್ಲಿ, ಕನ್ನಡ ಅಕ್ಷರದಲ್ಲೇ ಒಂದು ಪದವಿತ್ತು: ‘ಅಂತೆ?’

‘ರೇಟು ಬಿದ್ದದ್ದನ್ನು ನೀನು ನೋಡಿದೆಯೇನಪ್ಪಾ?’ ಎಂದು ಮೇಡಂ ಕೇಳಿದರು. ಇಲ್ಲ, ಅಪ್ಪ ಹೇಳಿದ್ದು ಎಂದೆ. ಅಪ್ಪನಿಗೆ ಯಾರು ಹೇಳಿದರು? ಲಾರಿ ಡ್ರೈವರ್. ‘ನೋಡು, ನಿಮ್ಮಪ್ಪ ಎಷ್ಟು ಕರಾರುವಾಕ್ಕಾಗಿ ಮಾತಾಡಿದ್ದಾರೆ! ತಾವು ಕಂಡಿಲ್ಲ, ಕೇಳಿದ್ದು ಎಂಬುದನ್ನು ಎರಡಕ್ಷರದಲ್ಲಿ ಹೇಳಿಬಿಟ್ಟರು. ನೀನು ಇಂಗ್ಲಿಷಿಗೆ ಬರುವಾಗ ಆ ಎರಡಕ್ಷರವನ್ನು ದಾರಿಯಲ್ಲೇ ಬೀಳಿಸಿಕೊಂಡು ಬಂದಿದ್ದೀಯ’ ಎಂದರು. ಕ್ರಿಯಾಪದಕ್ಕೆ ಅಂಟಿಕೊಳ್ಳುವ ‘ಅಂತೆ’ಯಂಥ ಪ್ರತ್ಯಯ ಇಂಗ್ಲಿಷಿನಲ್ಲಿಲ್ಲ, ಆದ್ದರಿಂದ ಅದನ್ನು ಪ್ರತಿ ವಾಕ್ಯದಲ್ಲೂ ಬೇರೆ ಪದಗಳಿಂದ ಕಟ್ಟಬೇಕು ಎಂದು ಹೇಳಿ, ‘ರಿಪೋರ್ಟೆಡ್ಲಿ’, ‘ಈಸ್ ಸೆಡ್ ಟು’, ‘ಅಕಾರ್ಡಿಂಗ್ ಟು’ ಎಂದು ಕಪ್ಪು ಹಲಗೆಯ ಮೇಲೆ ಬರೆದರು. ಕೇಳಿದ್ದಕ್ಕೆ ಈ ಸಾಲು. ಲೆಕ್ಕ ಹಾಕಿ ಊಹಿಸಿದ್ದಕ್ಕೆ ‘ಸಜೆಸ್ಟ್ಸ್’, ‘ಅಪಿಯರ್ಸ್ ಟು’, ‘ಈಸ್ ಲೈಕ್ಲಿ ಟು’ ಎಂಬ ಇನ್ನೊಂದು ಸಾಲು. ಅರ್ಥಶಾಸ್ತ್ರದ ಪ್ರಬಂಧಗಳಲ್ಲಿ ಎರಡನೆಯ ಸಾಲಿನ ಪದಗಳು ಏಕೆ ಅಷ್ಟೊಂದು ಬರುತ್ತವೆ ಎಂಬುದು ನನಗೆ ಅಂದು ತಿಳಿಯಿತು. ಅಲ್ಲಿಯವರೆಗೆ ಅವು ಬರೆಯುವವರ ಹಿಂಜರಿಕೆ ಎಂದೇ ನಾನು ಭಾವಿಸಿದ್ದೆ.

ನನ್ನ ‘ರೇಟ್’ ಕೂಡ ಅಂದೇ ಸಿಕ್ಕಿಬಿದ್ದಿತು. ನಮ್ಮ ಸಂತೆಯಲ್ಲಿ ಬೆಲೆಗೆ ರೇಟು ಎನ್ನುತ್ತೇವೆ. ಅರ್ಥಶಾಸ್ತ್ರದ ಇಂಗ್ಲಿಷಿನಲ್ಲಿ ಈರುಳ್ಳಿಗಿರುವುದು ‘ಪ್ರೈಸ್’, ಬಡ್ಡಿಗೆ ಮತ್ತು ಹಣದುಬ್ಬರಕ್ಕೆ ‘ರೇಟ್’. ಹಣದುಬ್ಬರದ ದರ ಶೇಕಡಾ 6ರಿಂದ 4ಕ್ಕೆ ಇಳಿದರೆ ಬೆಲೆಗಳು ಇಳಿದವೆಂದು ಅರ್ಥವಲ್ಲ, ಅವು ಏರುವ ವೇಗ ಇಳಿಯಿತು ಎಂದಷ್ಟೇ. ಆ ಇಳಿಕೆಯನ್ನು ಶೇಕಡಾ 2 ಎನ್ನುವುದೂ ತಪ್ಪು, ಅದು ಎರಡು ‘ಪರ್ಸೆಂಟೇಜ್ ಪಾಯಿಂಟ್’, ಅಂದರೆ ಎರಡು ಶೇಕಡಾ ದರಗಳ ನಡುವಿನ ನೇರ ವ್ಯತ್ಯಾಸ. ಇದನ್ನು ಇಂಗ್ಲಿಷ್ ಮೇಡಂ ವಿವರಿಸುವಾಗ, ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅದಕ್ಕಿಂತ ಆಳಕ್ಕೆ ಇಳಿದದ್ದು ‘ಬೇಕು’ ಎಂಬ ಪದ. ಫಸಲು ಹೆಚ್ಚಾದರೆ ‘ಬೆಲೆ ಇಳಿಯಬೇಕು’ ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಅದನ್ನು ‘ಷುಡ್ ಫಾಲ್’ ಎಂದು ಬರೆದ ಗೆಳತಿಯೊಬ್ಬಳನ್ನು ಮೇಡಂ ಎಬ್ಬಿಸಿ, ಇಳಿಯಲಿ ಎಂದು ನೀನು ಬಯಸುತ್ತೀಯೋ, ಇಳಿಯುತ್ತದೆ ಎಂದು ನಿರೀಕ್ಷಿಸುತ್ತೀಯೋ ಎಂದು ಕೇಳಿದರು. ಬೆಲೆ ಇಳಿಯಲಿ ಎಂದು ಬಯಸುವುದು ಕೊಳ್ಳುವವರ ಪಕ್ಷ ಹಿಡಿದಂತೆ. ಈರುಳ್ಳಿ ಅಗ್ಗವಾಯಿತೆಂದು ಯಾವ ಮನೆಯವರೂ ಎರಡು ಪಟ್ಟು ತಿನ್ನುವುದಿಲ್ಲವಾದ್ದರಿಂದ, ಎಲ್ಲರ ಹೊಲದಲ್ಲೂ ಒಳ್ಳೆಯ ಬೆಳೆ ಬಂದ ವರ್ಷವೇ ರೈತನ ಒಟ್ಟು ಆದಾಯ ಕುಸಿಯುವುದುಂಟು. ಇರುವುದನ್ನು ಹೇಳುವ ಅರ್ಥಶಾಸ್ತ್ರವೂ ಇರಬೇಕಾದದ್ದನ್ನು ಹೇಳುವ ಅರ್ಥಶಾಸ್ತ್ರವೂ ಬೇರೆ ಬೇರೆ ಎಂದು ನಾವು ಪರೀಕ್ಷೆಗಾಗಿ ಓದಿಕೊಂಡಿದ್ದೆವು. ಆ ಗೆರೆ ಒಂದು ಸಹಾಯಕ ಕ್ರಿಯಾಪದದ ಮೇಲೆ ಹಾದುಹೋಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ಪ್ರವಾಸೋದ್ಯಮದವರ ಸರದಿ ಬಂದದ್ದು ಕೋಟೆಯಲ್ಲಿ. ಒಂದು ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಎರಡೂ ವಿಭಾಗದವರು ಹತ್ತಿದೆವು. ಅವರು ಮಾರ್ಗದರ್ಶಿಗಳು, ನಾವು ಕನ್ನಡ ನಾಡನ್ನೇ ಕಾಣದ ವಿದೇಶಿ ಪ್ರವಾಸಿಗಳು ಎಂಬುದು ಮೇಡಂ ಮಾಡಿದ ಏರ್ಪಾಡು. ಏಳು ಸುತ್ತಿನ ಕೋಟೆಯನ್ನು ‘ಸೆವೆನ್ ರೌಂಡ್ಸ್’ ಎಂದೊಬ್ಬ ಆರಂಭಿಸಿದ. ಆ ಮಾತು ಕೇಳಿದವರಿಗೆ ಕುಸ್ತಿಯ ಸುತ್ತೋ ಗುಂಡಿನ ಸುತ್ತೋ ನೆನಪಾದೀತು, ಒಂದರೊಳಗೊಂದು ಕಟ್ಟಿದ ಗೋಡೆಗಳ ಸಾಲು ಎಂದು ಹೇಳು ಎಂದರು. ಗೋಪಾಲಸ್ವಾಮಿ ಹೊಂಡದ ಬಳಿ ‘ಟ್ಯಾಂಕ್’ ಎಂಬ ಪದಕ್ಕೂ ಇದೇ ಗತಿಯಾಯಿತು.

ಒನಕೆ ಓಬವ್ವನ ಕಿಂಡಿಯ ಮುಂದೆ ನಾವು ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತೆವು. ಒನಕೆಗೆ ನಿಘಂಟಿನಲ್ಲಿರುವುದು ‘ಪೆಸಲ್’. ಆ ಪದ ಕೇಳಿದ ಹೊರದೇಶದವರ ಕಣ್ಣ ಮುಂದೆ ಬರುವುದು ಮೆಣಸು ಜಜ್ಜುವ ಗೇಣುದ್ದದ ಕುಟ್ಟಾಣಿ, ಅದರಿಂದ ಸೈನಿಕರನ್ನು ಹೊಡೆದಳೆಂದರೆ ಯಾರು ನಂಬುತ್ತಾರೆ? ನಿಂತು ಎರಡೂ ಕೈಯಲ್ಲಿ ಹಿಡಿದು ಭತ್ತ ಕುಟ್ಟುವ, ಆಳೆತ್ತರದ ಗಟ್ಟಿ ಮರದ ಕೋಲು ಎಂದು ಮೊದಲು ಕಾಣಿಸಿ, ಆಮೇಲೆ ಹೆಸರು ಹೇಳಬೇಕಾಯಿತು. ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ಆ ವಾಕ್ಯವನ್ನು ನಾಲ್ಕು ಸಲ ಕಟ್ಟಿ ಕೆಡವಿ, ಐದನೆಯ ಸಲ ಕೈಯೆತ್ತಿ ಕುಟ್ಟುವಂತೆ ತೋರಿಸುತ್ತಲೇ ಹೇಳಿ ಮುಗಿಸಿದಾಗ, ಪಕ್ಕದಲ್ಲಿ ಹೋಗುತ್ತಿದ್ದ ಬೇರೆ ಪ್ರವಾಸಿಗಳೂ ನಿಂತು ಕೇಳಿದರು.

ನಾನು ಮಾತ್ರ ಕಲಿತದ್ದನ್ನು ತೋರಿಸುವ ಆತುರದಲ್ಲಿ, 1779ರಲ್ಲಿ ಹೈದರಾಲಿ ಈ ಕೋಟೆಯನ್ನು ಗೆದ್ದನೆಂದು ‘ಹೇಳಲಾಗುತ್ತದೆ’ ಎಂದುಬಿಟ್ಟೆ. ಮೇಡಂ ಅಲ್ಲೇ ತಡೆದರು. ಅದು ಇತಿಹಾಸದಲ್ಲಿ ದಾಖಲಾದ ಸಂಗತಿ, ಅದಕ್ಕೆ ‘ಅಂತೆ’ ಬೇಡ, ಎಲ್ಲದಕ್ಕೂ ಹಚ್ಚಿದರೆ ಅಂತೆಕಂತೆಯಾಗುತ್ತದೆ. ಗಂಡ ಊಟಕ್ಕೆ ಬಂದಿದ್ದಾಗ ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ತೂರಿ ಬರುವ ಸದ್ದು ಕೇಳಿದಳು ಎಂಬುದು ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮಾತು, ಅದನ್ನು ಜನರ ಮಾತೆಂದೇ ಗೌರವದಿಂದ ಹೇಳು ಎಂದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಇಸಿಲ ಎಂಬ ಹೆಸರಿರುವುದು ಕಲ್ಲಿನ ಮೇಲೆ ಓದಬಹುದಾದದ್ದು. ಆ ಇಸಿಲ ಅಲ್ಲಿಯೇ ಇದ್ದ ಊರು ಎಂಬುದು ವಿದ್ವಾಂಸರು ಗುರುತಿಸಿದ್ದು. ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರಕ್ಕೆ ಮೂರು ಬಗೆಯ ಇಂಗ್ಲಿಷ್ ವಾಕ್ಯಗಳನ್ನು ನಾವು ಆ ಬಂಡೆಗಳ ಮೇಲೆ ಕುಳಿತು, ಮಂಡಕ್ಕಿ ತಿನ್ನುತ್ತ ಬರೆದೆವು. ಈರುಳ್ಳಿಯವರಿಗೂ ಕೋಟೆಯವರಿಗೂ ಬೇಕಾದ ವ್ಯಾಕರಣ ಒಂದೇ ಎಂದು ನನಗೆ ಹೊಳೆದದ್ದು ಆಗ.

ಇಂದು ನಾನು ಬ್ಯಾಂಕೊಂದರಲ್ಲಿ ಕೃಷಿ ಸಾಲದ ವರದಿಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಬೆಳೆ ಹಾಳಾಗಿದೆ ಎಂದು ಬರೆಯುವ ಮೊದಲು ಹೊಲಕ್ಕೆ ಹೋಗಿ ಬರುತ್ತೇನೆ; ಹೋಗಲಾಗದಿದ್ದರೆ ಯಾರು ಹೇಳಿದರೆಂದು ಅದೇ ವಾಕ್ಯದಲ್ಲಿ ಸೇರಿಸುತ್ತೇನೆ. ಕೆಲಸಕ್ಕೆ ಹೊಸದಾಗಿ ಸೇರಿದವರ ಕರಡುಗಳ ಅಂಚಿನಲ್ಲಿ ನಾನೂ ಕನ್ನಡದಲ್ಲೇ ‘ಅಂತೆ?’ ಎಂದು ಬರೆಯುತ್ತೇನೆ. ಮೊದಮೊದಲು ಅವರಿಗೆ ಅರ್ಥವಾಗುವುದಿಲ್ಲ, ಬಂದು ಕೇಳುತ್ತಾರೆ.

ಎರಡೂ ವಿಭಾಗಗಳಿಗೆ ಈಗ ಇಂಗ್ಲಿಷ್ ತರಗತಿ ಬೇರೆ ಬೇರೆಯಾಗಿ ನಡೆಯುತ್ತಿದೆ ಎಂದು ಕೇಳಿದ್ದೇನೆ. ಅದಕ್ಕೆ ತಕ್ಕ ಕಾರಣಗಳಿರಬಹುದು. ಆದರೂ ಪ್ರತಿ ವರ್ಷ ಒಂದು ಬೆಳಿಗ್ಗೆಯಾದರೂ ಎಲ್ಲರನ್ನೂ ಒಟ್ಟಿಗೆ ಕಿಂಡಿಯವರೆಗೆ ಕರೆದೊಯ್ಯಿರಿ ಎಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ವಿದೇಶಿ ಪ್ರವಾಸಿಯ ಪಾತ್ರಕ್ಕೆ ಆಳು ಕಡಿಮೆಯಾದರೆ ರಜೆ ಹಾಕಿಯಾದರೂ ನಾನು ಬರುತ್ತೇನೆ.