ಬಟ್ಟೆಯ ಮೇಲೆ ಭೂಕಾಲಮಾನ: ಪರ್ಮಿಯನ್ ಗಡಿ ದಾಟಿದೆ

ಹತ್ತು ಲಕ್ಷ ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಸುಮಾರು 54 ಕೋಟಿ ವರ್ಷ ಹಿಂದೆ ಶುರುವಾದ ಕೇಂಬ್ರಿಯನ್ ಎಂಬ ಭೂಯುಗದಿಂದ ಇಂದಿನವರೆಗಿನ ಕಾಲವನ್ನು ಕೋರಾ ಬಟ್ಟೆಯ ಮೇಲೆ ಬರೆಯುವ ಕೆಲಸ ಕುಂಟುತ್ತಲೇ ಸಾಗಿದೆ. ಉದ್ದ ಸುಮಾರು 5.4 ಮೀಟರ್. ಪ್ರತಿ ಗಡಿಯ ಪಕ್ಕದಲ್ಲಿ ಅದನ್ನು ನಿರ್ಧರಿಸಿದ ಪಳೆಯುಳಿಕೆಯ ಚಿತ್ರ. ಲಾಲ್‌ಬಾಗ್ ಬಂಡೆಯೂ ಬರಲಿ ಎಂದು ಮನೆಯವರ ಒತ್ತಾಯ. ಸುಮಾರು 300 ಕೋಟಿ ವರ್ಷದ ಆ ಬಂಡೆಗೆ 30 ಮೀಟರ್ ಬಟ್ಟೆ ಬೇಕು! ಅರ್ಜಿ ವಜಾ.

ಈಗ ಮುಗಿದಿರುವುದು ಪರ್ಮಿಯನ್, ಟ್ರಯಾಸಿಕ್ ಎಂಬ ಎರಡು ಯುಗಗಳ ನಡುವಿನ ಗಡಿ, ಇಂದಿನ ತುದಿಯಿಂದ 251.9 ಸೆಂ.ಮೀ. ಗುರುತಿನಲ್ಲಿ. ಈ ಗಡಿಗೆ ಜಗತ್ತಿಗೆಲ್ಲ ಮಾದರಿಯೆಂದು ಭೂವಿಜ್ಞಾನಿಗಳು ಒಪ್ಪಿದ ಅಧಿಕೃತ ಜಾಗ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೈಶಾನ್; ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಅಲ್ಲಿ 25ನೆಯ ಪದರವೆಂದರೆ ಜ್ವಾಲಾಮುಖಿಯ ಬೂದಿಯಿಂದಾದ ತೆಳು ಜೇಡಿ. ಸಮುದ್ರಜೀವಿಗಳ ಮಹಾವಿನಾಶ ಕಾಣುವುದು ಅಲ್ಲಿಯೇ. ಗಡಿ ಮಾತ್ರ ಇನ್ನೂ ಮೇಲೆ, 27ಸಿ ಪದರದ ಬುಡದಲ್ಲಿ, ಹಿಂಡಿಯೋಡಸ್ ಪಾರ್ವಸ್ ಎಂಬ ಕೊನೊಡಾಂಟ್ (ಹಾವುಮೀನಿನಂಥ ಪುಟ್ಟ ಸಮುದ್ರಜೀವಿ; ಉಳಿಯುವುದು ಹೆಚ್ಚಾಗಿ ಅದರ ಹಲ್ಲಿನಂಥ ಭಾಗಗಳಷ್ಟೆ) ಮೊದಲು ಕಾಣಿಸಿಕೊಳ್ಳುವಲ್ಲಿ. ಅಷ್ಟು ಜೀವಗಳು ಅಳಿದ ಗೆರೆಯನ್ನು ಬಿಟ್ಟು ಒಂದು ಪುಟಾಣಿ ಜೀವಿ ಬಂದ ಗೆರೆಯನ್ನು ಹಿಡಿದಿದ್ದೇಕೆ? ಅಳಿವನ್ನು ಕಲ್ಲಿನಲ್ಲಿ ನಂಬುವುದು ಕಷ್ಟ. ಕೊನೆಯದಾಗಿ ಸಿಕ್ಕ ಪಳೆಯುಳಿಕೆ ಆ ಜಾತಿಯ ಕೊನೆಯ ಜೀವಿಯದ್ದೇ ಎನ್ನಲಾಗದು. ಒಂದು ಜಾಗದಲ್ಲಿ ಮಾಯವಾದದ್ದು ಇನ್ನೊಂದೆಡೆ ಬದುಕಿರಬಹುದು. ಹೊಸದಾಗಿ ಹುಟ್ಟಿ ಬೇಗನೆ ಸಮುದ್ರಗಳಲ್ಲೆಲ್ಲ ಹರಡಿದ ಜಾತಿಯಾದರೆ ದೂರದ ಪದರಗಳನ್ನೂ ತಾಳೆ ಹಾಕಬಹುದು. ನನಗಂತೂ ಈ ವಾದ ಒಪ್ಪಿಗೆಯಾಗಿದೆ.

ಕಲ್ಲಿನಲ್ಲಿ ಆ ಎರಡು ಗೆರೆಗಳ ನಡುವೆ ಒಂದು ಗೇಣಿನಷ್ಟೂ ಅಂತರವಿಲ್ಲ. ನನ್ನ ಬಟ್ಟೆಯಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ, ಕುಂಚದ ತುದಿಯೇ ಅದಕ್ಕಿಂತ ದಪ್ಪ. ಹಾಗಾಗಿ ವಿನಾಶಕ್ಕೆ ಬೇರೆ ಗೆರೆಯಿಲ್ಲ, ಬದಿಯಲ್ಲೊಂದು ಬೂದು ಬಾಣ ಅಷ್ಟೆ.

ಚಿತ್ರ ಬಿಡಿಸುವುದೇ ಖುಷಿ. ಪಾರ್ವಸ್‌ನ ಸಿಕ್ಕಿರುವ ಭಾಗ ಮಿಲಿಮೀಟರಿಗಿಂತ ಚಿಕ್ಕದು; ಸುಣ್ಣಕಲ್ಲನ್ನು ಸೌಮ್ಯ ಆಮ್ಲದಲ್ಲಿ ಕರಗಿಸಿ, ಉಳಿದ ಪುಡಿಯಲ್ಲಿ ಸೂಕ್ಷ್ಮದರ್ಶಕದಡಿ ಹೆಕ್ಕಬೇಕು. ಒಂದು ತುದಿಯಲ್ಲಿ ಎದ್ದು ನಿಂತ ಕೋರೆ, ಅದರ ಹಿಂದೆ ಸಾಲಾಗಿ ಗಿಡ್ಡ ಹಲ್ಲುಗಳು. ಆ ಕೋರೆಯ ಎತ್ತರವೇ ಇದರ ಗುರುತು.

ಮುಂದಿನ ಸರದಿ ಬಟ್ಟೆಯ ಆ ಕೊನೆಯದು: ಕೇಂಬ್ರಿಯನ್ ಬುಡ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಫಾರ್ಚೂನ್ ಹೆಡ್. ಅಲ್ಲಿ ಗಡಿ ಹಾಕಿಕೊಟ್ಟಿದ್ದು ಮೂಳೆಯಲ್ಲ, ಚಿಪ್ಪಲ್ಲ. ಯಾವುದೋ ಹುಳುವಿನಂಥ ಜೀವಿ ಕೆಸರಿನಲ್ಲಿ ಕೊರೆದ ಬಿಲ. ಹೆಸರು ಟ್ರೆಪ್ಟಿಕ್ನಸ್ ಪೇಡಮ್. 1992ರಲ್ಲಿ ಗಡಿ ನಿಗದಿಯಾದ ಮೇಲೆ ಅದೇ ಬಿಲಗಳು ಸುಮಾರು ನಾಲ್ಕು ಮೀಟರ್ ಕೆಳಗೂ ಸಿಕ್ಕವು. ಗಡಿ ಮಾತ್ರ ಕದಲಲಿಲ್ಲ. ನಾನೂ ಗೆರೆಯನ್ನು ನಿಗದಿಯಾದಲ್ಲಿಯೇ ಎಳೆದು, ಕೆಳಗಿನ ತಕರಾರನ್ನು ಬಟ್ಟೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ.