ಕಳಸದ ಕಡೆ ಜೀಪು ಒಯ್ಯುವವರಿಗೆ: ಹಾಸನ ದಾಟಿದ ಮೇಲೆ ಶುರುವಾಗುವ ನಡುಕ

ಥಾರ್, ಜಿಮ್ನಿ, ಹಳೇ ಜಿಪ್ಸಿ ಇಟ್ಟುಕೊಂಡು ಬೆಂಗಳೂರಿನಿಂದ ಮೂಡಿಗೆರೆ, ಕಳಸದ ಕಡೆ ಹೊರಡುವವರಿಗೆ ದಾರಿ ಹೇಳಿಕೊಡಬೇಕಾಗಿಲ್ಲ. ಎಚ್ಚರ ಬೇಕಾದದ್ದು ವಾಪಸ್ ಬರುವಾಗ. ತೋಟದ ಕೆಸರಿನಲ್ಲಿ ಒಂದು ಸದ್ದೂ ಮಾಡದ ಗಾಡಿ, ಹಾಸನ ದಾಟಿ 80 ಮುಟ್ಟಿದ್ದೇ ತಡ, ಗಡಗಡ ನಡುಗುತ್ತದೆ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಗಾಡಿ ಕೆಳಗೆ ಬಗ್ಗಿಯೂ ನೋಡದೆ ತೀರ್ಪು ಬರುತ್ತದೆ: ‘ಕ್ರಾಸ್ ಹೋಗಿದೆ ಸಾರ್, ಶಾಫ್ಟ್ ಇಳಿಸ್ಬೇಕು.’ ಶಾಫ್ಟ್ ಎಂದರೆ ಗೇರಿನ ಕಡೆಯಿಂದ ಆಕ್ಸಲ್ಲಿಗೆ ಬಲ ಒಯ್ಯುವ ಉದ್ದನೆಯ ಕೊಳವೆ (ಪ್ರೊಪೆಲ್ಲರ್ ಶಾಫ್ಟ್), ಕ್ರಾಸ್ ಎಂದರೆ ಅದರ ತುದಿಯಲ್ಲಿ ಮಣಿಯುವ ಶಿಲುಬೆಯಾಕಾರದ ಕೀಲು.

ದುಡ್ಡು ತೆಗೆಯುವ ಮೊದಲು ಚಕ್ರದ ಒಳಮೈಗೆ ಕೈ ಹಾಕಿ. ರಿಮ್ಮಿನ ಒಳಗೆ ಮೆತ್ತಿದ ತೋಟದ ಕೆಸರು ಒಂದೇ ಕಡೆ ಗಟ್ಟಿಯಾಗಿ ಕೂತಿದ್ದರೆ ಚಕ್ರದ ಬ್ಯಾಲೆನ್ಸ್ ಕೆಟ್ಟಿರುತ್ತದೆ. ಘಟ್ಟದ ತಿರುವುಗಳಲ್ಲಿ 40-50ರ ಮೇಲೆ ಓಡಿಸುವುದಿಲ್ಲವಾದ್ದರಿಂದ ಅದು ಅಲ್ಲಿ ಗೊತ್ತೇ ಆಗುವುದಿಲ್ಲ. ಕೋಲಿನಿಂದ ಕೆರೆದು, ನೀರು ಬಿಟ್ಟು, ಮತ್ತೆ 80ಕ್ಕೆ ಓಡಿಸಿ ನೋಡಿ. ಈ ದಾರಿಯಲ್ಲಿ ಶಾಫ್ಟಿನ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ನಡುಕದ ಜಾತಿ ಗುರುತಿಸಬೇಕು. 255/65 ಆರ್ 18 ಟೈರು 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 9 ಸುತ್ತು ಹಾಕುತ್ತದೆ. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಹಾಕುವ ಸುತ್ತು) 4 ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ 36 ಸುತ್ತು. ಹಾಗಾಗಿ ಟೈರಿನ ನಡುಕ ದಪ್ಪ, ನಿಧಾನ, ಸ್ಟೀರಿಂಗ್ ಅಲ್ಲಾಡುತ್ತದೆ. ಶಾಫ್ಟಿನದು ಸಣ್ಣ ಗುಂಯ್‌ಗುಡುವ ನಡುಕ. ಸೀಟಿನಡಿ, ಗೇರ್ ಲಿವರಿನಲ್ಲಿ ತಿಳಿಯುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣುತ್ತದೆ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಲಚ್ ಒತ್ತಿ. ಎಂಜಿನ್ ಇಳಿದರೂ ನಡುಕ ಇಳಿಯದಿದ್ದರೆ ಎಂಜಿನ್ ನಿರಪರಾಧಿ.

ಸದ್ದುಗಳಿಗೂ ಒಂದೊಂದು ವಿಳಾಸವಿದೆ. ನಿಧಾನ ಹೋಗುವಾಗ ಇಲಿಮರಿಯಂತೆ ಕೀಚ್ ಕೀಚ್ ಎಂದು, ವೇಗದ ಜತೆ ಲಯವೂ ಹೆಚ್ಚಿದರೆ ಕ್ರಾಸಿನ ಬೇರಿಂಗ್ ಒಣಗಿದೆ. ಬೇರಿಂಗ್ ಕೂತ ಕಪ್ಪಿನ (ಲೋಹದ ಪುಟ್ಟ ಬಟ್ಟಲು) ಸುತ್ತ ಕೆಂಪು ತುಕ್ಕುಪುಡಿ ಇದ್ದರೆ ಅನುಮಾನವೇ ಬೇಡ. ಕ್ಲಚ್ ಬಿಟ್ಟಾಗ ಅಥವಾ ರಿವರ್ಸಿಗೆ ಹಾಕಿದಾಗ ‘ಟಣ್’ ಎಂದರೆ ಕ್ರಾಸಿನ ಆಟ (ಸವೆದು ಬಂದ ಸಡಿಲ), ಒಣಗಿದ ಸ್ಲಿಪ್ ಜಾಯಿಂಟ್ (ಶಾಫ್ಟ್ ಉದ್ದ-ಗಿಡ್ಡವಾಗಲು ಬಿಡುವ ಹಲ್ಲಿನ ಜೋಡಣೆ), ಇಲ್ಲವೇ ಆಕ್ಸಲ್ ನಡುವಿನ ಗೇರುಗಳ ಡಿಫರೆನ್ಷಿಯಲ್ಲಿನ ಸಡಿಲ. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿ. ಇಡೀ ಶಾಫ್ಟ್ ತುಸು ತಿರುಗಿ ನಿಂತರೆ ಅದು ಹಲ್ಲುಗಳ ಸಹಜ ಸಡಿಲ. ಕ್ರಾಸ್ ಮತ್ತು ಅದನ್ನು ಹಿಡಿದ ಯೋಕ್ (ಕವಲು) ನಡುವೆ ಕೂದಲೆಳೆಯಷ್ಟು ಆಟ ಕಂಡರೂ ಕ್ರಾಸ್ ಬದಲಿಸಿ. ಪೂರ್ತಿ ತಿರುವಿನಲ್ಲಿ ಕಟಕಟ ಎನ್ನುವುದು ಮುಂದಿನ ಹೊರಗಿನ ಸಿವಿ ಜಾಯಿಂಟ್ (ಚಕ್ರ ತಿರುಗಿಸಿದಾಗಲೂ ಬಲ ಸಾಗಿಸುವ ಕೀಲು). ಥಾರ್ ಆದರೆ, ಹರಿದ ಬೂಟಿನಿಂದ (ರಬ್ಬರ್ ಹೊದಿಕೆ) ಗ್ರೀಸ್ ಎರಚಿ ಚಕ್ರದ ಒಳಬದಿ ಕಪ್ಪಾಗಿರುತ್ತದೆ.

ಪರೀಕ್ಷೆಗೆ ಒಳ್ಳೆಯ ಜಾಗ ಮೂಡಿಗೆರೆ ದಾಟಿದ ಮೇಲೆ ಸಿಗುವ ಕೊಟ್ಟಿಗೆಹಾರ. ಹಾಸನದಿಂದ ಸುಮಾರು 90 ಕಿ.ಮೀ. ಓಡಿ ನಿಂತ ಗಾಡಿಯ ಪ್ರತಿ ಕ್ರಾಸನ್ನೂ ತಕ್ಷಣ ಮುಟ್ಟಿ ನೋಡಿ (ಸೈಲೆನ್ಸರ್ ಕೊಳವೆ ಜೋಪಾನ). ಉಳಿದವು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅದೇ ಕಳ್ಳ. ಆಮೇಲೆ ಕೈ ತೊಳೆದು ನೀರುದೋಸೆಗೆ ಕೂರಿ. ಈ ಪುಟ್ಟ ಸರ್ಕಲ್ಲಿನ ಹೆಸರು ಉಳಿದಿರುವುದೇ ಅದರಿಂದ: ಬಟ್ಟೆಯಂತೆ ತೆಳ್ಳಗೆ, ಜಾಲರಿ ಜಾಲರಿಯಾಗಿ, ಕಾವಲಿಯಿಂದ ಮಡಚಿಕೊಂಡೇ ತಟ್ಟೆಗೆ ಬೀಳುವ ದೋಸೆ. ಎರಡು ಹೇಳಿದವರು ಆರಕ್ಕೆ ನಿಲ್ಲಿಸಿದರೆ ಸಂಯಮಿಗಳು. ಬೆಂಗಳೂರಿನಲ್ಲಿ ಒಂದು ಮಸಾಲೆದೋಸೆಗೆ ತೆರುವ ದುಡ್ಡಿನಲ್ಲಿ ಇಲ್ಲಿ ಹೊಟ್ಟೆ ತುಂಬುತ್ತದೆ. ಶನಿವಾರ, ಭಾನುವಾರ ಬೆಳಿಗ್ಗೆ ಮಾತ್ರ ಚಾರ್ಮಾಡಿ ನೋಡಲು ಬಂದವರ ಜಾತ್ರೆ. ಗಾಡಿ ನಿಲ್ಲಿಸಲೂ ಜಾಗವಿರುವುದಿಲ್ಲ. ವಾರದ ನಡುವೆ ಹೋಗಿ.

ಹೋಂಸ್ಟೇ ಏರಿನ ಕಾಂಕ್ರೀಟ್ ರಸ್ತೆಯಲ್ಲಿ ನಡೆಯುವ ಇನ್ನೊಂದು ಮೋಸ ಗಾಡಿಯದ್ದಲ್ಲ, ಓಡಿಸುವವರದ್ದು. ಒಣ ನೆಲದಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಬಲ) ಹಾಕಿ ಹೇರ್‌ಪಿನ್ ತಿರುಗಿಸಿದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಈ ಗಾಡಿಗಳಲ್ಲಿ ಮುಂದಿನ-ಹಿಂದಿನ ಆಕ್ಸಲ್ಲುಗಳ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಶಾಫ್ಟ್‌ಗಳು ಹಗ್ಗದಂತೆ ತಿರುಚಿಕೊಂಡು ಗಾಡಿ ಜಗ್ಗುತ್ತದೆ, ಲಿವರ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಕೊಡುವ 2ಎಚ್‌ಗೆ ಬರುವುದಿಲ್ಲ. ಏನೂ ಮುರಿದಿಲ್ಲ. ನೇರವಾಗಿ ನಾಲ್ಕಾರು ಮೀಟರ್ ಹಿಂದಕ್ಕೆ ಬಿಡಿ, ಬಿಚ್ಚಿಕೊಳ್ಳುತ್ತದೆ. ಕುದುರೆಮುಖ ಚಾರಣಕ್ಕೆ ಮುಳ್ಳೋಡಿಗೆ ಹೋಗುವವರು ಅಲ್ಲಿನ ಜೀಪನ್ನೇ ಹಿಡಿಯಿರಿ. ಬಾಡಿಗೆ ದುಬಾರಿ ಎನಿಸಿದರೂ ಶಾಫ್ಟಿನ ಕೊಳವೆಗೆ ಕಲ್ಲು ಬಡಿದು ನೆಗ್ಗುವುದಕ್ಕಿಂತ ಅಗ್ಗ. ನೆಗ್ಗಿದ ಶಾಫ್ಟಿಗೆ ಯಾವ ಕ್ರಾಸ್ ಹಾಕಿದರೂ ನಡುಕ ಹೋಗದು.

ಹಳ್ಳ ದಾಟಿದ ದಿನವೇ ಗ್ರೀಸ್ ಹೊಡೆಯಿರಿ. ಗ್ರೀಸ್ ತುಂಬುವ ನಿಪ್ಪಲ್ ಇರುವ ಕ್ರಾಸಾದರೆ 4 ಕಪ್ಪುಗಳಿಂದಲೂ ಹೊಸ ಗ್ರೀಸ್ ಇಣುಕಬೇಕು. ಒಂದರಲ್ಲಿ ಬರದಿದ್ದರೆ ಆ ಕಪ್ಪು ಒಣಗಿದೆ ಎಂದೇ ಲೆಕ್ಕ. ಹೊರಡುವ ವಾರ 2 ಇಂಚು ಲಿಫ್ಟ್ (ಗಾಡಿ ಎತ್ತರಿಸುವ ಜೋಡಣೆ) ಹಾಕಿಸಿಕೊಂಡು ಬರುವುದಂತೂ ಬೇಡವೇ ಬೇಡ. ಶಾಫ್ಟಿನ ಕೋನ ಬದಲಾಗಿ ಹುಟ್ಟುವ ನಡುಕವನ್ನು ಘಟ್ಟದಲ್ಲಿ ಯಾರೂ ಸರಿಮಾಡಿಕೊಡುವುದಿಲ್ಲ.

ಹಿಂದಿನ ಶಾಫ್ಟಿನ ಕ್ರಾಸ್ ನಿಜಕ್ಕೂ ಹೋಗಿದ್ದರೆ ಹಾಗೇ ಘಟ್ಟ ಇಳಿಯಬೇಡಿ. ಓಡುವಾಗ ಶಾಫ್ಟ್ ಕಳಚಿದರೆ ನೆಲಕ್ಕೆ ಬಡಿದು ಅಡಿಭಾಗವನ್ನೇ ಹರಿಯುತ್ತದೆ. ಎರಡೂ ತುದಿ ಚಪ್ಪಟೆ ಬಿಲ್ಲೆಯಂಥ ಫ್ಲಾಂಜ್‌ಗೆ ಬೋಲ್ಟ್ ಆಗಿರುವ ಶಾಫ್ಟಾದರೆ ಇಳಿಸಿ ಹಿಂದೆ ಹಾಕಿಕೊಂಡು, 4ಎಚ್‌ನಲ್ಲಿ ಮುಂದಿನ ಚಕ್ರಗಳ ಬಲದಲ್ಲೇ ನಿಧಾನ ಊರು ಸೇರಬಹುದು. ಟ್ರಾನ್ಸ್‌ಫರ್ ಕೇಸಿನೊಳಗೆ (ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆ) ತೂರಿಸಿದ ಶಾಫ್ಟಾದರೆ ಎಳೆದ ಕೂಡಲೇ ಆಯಿಲ್ ಸುರಿಯುತ್ತದೆ, ಆ ಸಾಹಸ ಬೇಡ. ಬಿಚ್ಚುವ ಮೊದಲು ಫ್ಲಾಂಜ್, ಯೋಕ್, ಸ್ಲಿಪ್ ಜಾಯಿಂಟ್ ಮೂರಕ್ಕೂ ಬಣ್ಣದ ಗೆರೆ ಎಳೆಯಿರಿ. ಮತ್ತೆ ಜೋಡಿಸುವಾಗ ಸ್ಲಿಪ್ ಜಾಯಿಂಟ್ ಒಂದು ಹಲ್ಲು ಆಚೀಚೆಯಾದರೂ ಹೊಸ ಕ್ರಾಸಿನೊಂದಿಗೇ ಹಳೇ ನಡುಕ ವಾಪಸ್ ಬರುತ್ತದೆ.